ಒಂದು ಈಡಿಗೆ

ನಮ್ಮೂರಲ್ಲಿ ಎರಡಕ್ಕೂ ಮದ್ದು ಅಂತಲೇ ಹೆಸರು.
ಶಿರ್ವದ ಬಸ್‌ಸ್ಟ್ಯಾಂಡಿನ ಎದುರು
ಗಾಜಿನ ಕಪಾಟಿನಿಂದ ನಾನು ತೆಗೆದು ಕೊಡುವುದೂ ಅದೇ,
ಪಪ್ಪ ಕೋವಿಯ ಬಾಯಿಗೆ ಸುರಿಯುತ್ತಿದ್ದದ್ದೂ ಅದೇ.
ಕೆಮ್ಮಿಗಾ, ಹಂದಿಗಾ ಅಂತ
ಕೇಳಿಯೇ ತಿಳಿಯಬೇಕು.

ಪಪ್ಪನ ಅಳತೆ ಇವತ್ತು ನನ್ನ ಮೇಜಿನ ಮೇಲಿದೆ.
ಹೆಬ್ಬೆರಳಿನಷ್ಟು ಹಿತ್ತಾಳೆ.
ಯಾರದೋ ಹಳೆಯ ತೋಟೆಯ ಸೊಂಟ ಕೊಯ್ದು,
ಅಡಿಯ ತೂತಿಗೆ ಸೀಸ ಹೊಯ್ದು,
ಕೊಡೆಕಡ್ಡಿಯ ಹಿಡಿ ಬೆಸೆದು ಕೊಟ್ಟವನು
ಬಂಟಕಲ್ಲಿನ ಗೋಂದು ಆಚಾರಿ.
ಕೂಲಿ ಎರಡು ರೂಪಾಯಿ, ಒಂದು ಬುಟ್ಟಿ ಗೆಣಸು.
ಎಷ್ಟು ಹಿಡಿಸಬೇಕು ಅಂತ ಅವನು ಕೇಳಲಿಲ್ಲವಂತೆ;
ನಳಿಗೆಯ ಬಾಯಿಗೆ ಕಿರುಬೆರಳು ಇಟ್ಟು ನೋಡಿ
ಅಲ್ಲಿಗೇ ಕೊಯ್ದನಂತೆ.

ಹಿಂದಿನ ಜಗಲಿಯಲ್ಲಿ ಆ ಕೆಲಸ.
ಚಿಮಿಣಿ ದೀಪ ಅಡುಗೆಮನೆ ದಾಟಬಾರದು,
ದೂಮಣ್ಣನ ಬೀಡಿ ಅಂಗಳ ದಾಟಬಾರದು.
ಹತ್ತಿರ ಕೂರುವ ಪರವಾನಗಿ ನನಗೊಬ್ಬಳಿಗೆ,
ಕೈ ಕಟ್ಟಿಕೊಂಡು.
ಕೊಂಬಿನಿಂದ ಇಳಿಯುವಾಗ ಕರಿಎಳ್ಳಿನ ಸದ್ದು.
“ಕುಟ್ಟಬಾರದು, ನೋಡು. ಕುಟ್ಟಿದರೆ ಕೂರುತ್ತದೆ,
ಕೂತರೆ ಇನ್ನೂ ಸ್ವಲ್ಪ ಹಿಡಿಸುತ್ತದೆ.
ಅಳತೆ ಅದೇ, ಈಡು ಬೇರೆ.”
ಮೇಲೆದ್ದ ದಿಬ್ಬವನ್ನು ಓಲೆಯ ಚೂರಿನಿಂದ ಬೋಳಿಸುತ್ತಾ,
“ಅಕ್ಕಿಯನ್ನು ತಲೆ ತುಂಬಿ ಅಳೆ, ಪುಣ್ಯ ಬರ್ತದೆ.
ಇದಕ್ಕೆ ಧಾರಾಳ ಬೇಡ.”

ಮತ್ತೆ ನಾರು, ಚರೆ, ಪುನಃ ನಾರು,
ಗಜ ಠಣ್ಣೆಂದು ಹಾರುವ ತನಕ.
ಮರಗೆಣಸಿನ ಗದ್ದೆಯ ಕಡೆ ಒಂದು ಈಡು.
ಹಂದಿ ಬಿದ್ದದ್ದು ನನ್ನ ನೆನಪಿನಲ್ಲಿ ಎರಡು ಸಲ,
ಇಡೀ ಊರಿನ ನಾಯಿಗಳು ಬೊಗಳಿದ್ದು ಪ್ರತಿ ಸಲ.

ಪಪ್ಪ ತೀರಿಕೊಂಡ ಮೇಲೆ ಕೋವಿ ಠಾಣೆಗೆ ಹೋಯಿತು.
ಓಟು ಬಂದಾಗೆಲ್ಲ ಹೋಗಿ ಬರುತ್ತಿದ್ದ ದಾರಿ ಅದಕ್ಕೆ,
ಈ ಸಲ ಬರಲಿಲ್ಲ.
ನಂಬರು ಬರೆದುಕೊಂಡರು. ಮೂರು ಕಡೆ ನನ್ನ ಸಹಿ.
“ಇದು?” ಅಂತ ಅಳತೆಯನ್ನು ಮುಂದಿಟ್ಟೆ.
ರೈಟರು ತಿರುಗಿಸಿದರು, ಮೂಸಿದರು.
“ಇದಕ್ಕೆ ನಂಬರೇ ಇಲ್ಲವಲ್ಲಾ ಬಾಯಿ, ಕೊಂಡುಹೋಗಿ.”

ಎಂಟು ತಿಂಗಳು ನನ್ನ ಬ್ಯಾಗಿನ ಅಡಿಯಲ್ಲಿ
ಚಿಲ್ಲರೆಯ ಜೊತೆ ಹೊರಳಾಡಿತು.
ಇವತ್ತು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು,
ವಾಸನೆ ಹೋಗಲಿ ಅಂತ ಬಿಸಿನೀರಿಗೆ ಹಾಕಿದೆ.
ಒಳಗಿನಿಂದ ಒಂದು ಬಿರಡೆ ಜಾರಿ
ಮೇಲೆ ಬಂದು ತೇಲಿತು.

ಮೇಣ.

ಮಾತ್ರೆ ತುಂಡು ಮಾಡುವ ಬ್ಲೇಡಿನಿಂದ ಕೊಯ್ದು ನೋಡಿದೆ.
ಬಿಳಿ, ಹಳದಿ, ಬಿಳಿ. ನಡುನಡುವೆ
ಮದ್ದಿನ ಕೂದಲಗಲದ ಕರಿಗೆರೆ.
ಎಣಿಸಿದರೆ ಏಳು ಪದರ, ಏಳು ನವೆಂಬರ್.
ಸಿಮಿತ್ರಿಯಲ್ಲಿ ಎಲ್ಲರೂ ಹೊರಟ ಮೇಲೆ
ಅಜ್ಜ ಅಜ್ಜಿಯರ ಸಮಾಧಿಯ ಮೇಲೆ ಉರಿದುಳಿದ
ಮೊಂಬತ್ತಿಯ ತುಂಡುಗಳನ್ನು ಕಿಸೆಗೆ ಹಾಕುತ್ತಿದ್ದರು.
ಜಿಪುಣತನ ಅಂತ ನಾವು ನಗುತ್ತಿದ್ದೆವು.

ಅದೇ ಏಳು ವರ್ಷ ನನ್ನ ಅಂಗಡಿಯಿಂದಲೇ
ತಿಂಗಳಿಗೊಂದು ಟ್ಯೂಬು ಒಯ್ಯುತ್ತಿದ್ದರು,
“ದೂಮನ ಭುಜಕ್ಕೆ” ಅಂತ.
ಈಗ ಫೋನು ಮಾಡಿ ದೂಮಣ್ಣನನ್ನು ಕೇಳಿದೆ.
“ನನಗೆ ಭುಜನೋವು ಯಾವಾಗ ಇತ್ತು ಮಾರಾಯ್ತಿ?
ಸೊಂಟ ಕೇಳು, ಹೇಳ್ತೇನೆ.”

ಕೊನೆಯ ಮಳೆಗಾಲದಲ್ಲೂ ಪಪ್ಪ ಹೇಳುತ್ತಿದ್ದರು,
“ಅಳತೆ ತುಂಬ ಹಾಕಿದ್ದೇನೆ, ಒಂದು ಕಾಳು ಕಡಿಮೆ ಇಲ್ಲ.”
ಸುಳ್ಳಲ್ಲ.
ಬರೀ ಸದ್ದಿಗೆ ಹಂದಿ ಓಡುತ್ತಿತ್ತು.
ನವಿಲು ಅದಕ್ಕೂ ಓಡುತ್ತಿರಲಿಲ್ಲ.

ಬಾಗಿಲಲ್ಲಿ ಒಬ್ಬಳು, ಸೊಂಟದಲ್ಲಿ ಮಗು, ಕೆಂಡದಂಥ ಜ್ವರ.
“ಮದ್ದು ಎಷ್ಟು ಕುಡಿಸ್ಲಿ?”
ಬಾಟಲಿಯ ಮುಚ್ಚಳ ತಿರುಗಿಸಿ ತೋರಿಸಿದೆ,
“ಈ ಗೆರೆಯ ತನಕ. ಹೆಚ್ಚು ಬೇಡ.”
ಅವಳು ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು.

ಬಸ್ಸು ಹೊರಟ ಮೇಲೆ
ಬಿರಡೆಯ ಎರಡು ಹೋಳು ಜೋಡಿಸಿ
ಹಿತ್ತಾಳೆಯ ಒಳಗೆ ಮೆಲ್ಲ ಇಳಿಸಿದೆ.
ಕುಟ್ಟಲಿಲ್ಲ.