ಜನರಲ್ ರಜಿಸ್ಟರ್

ಇವತ್ತು ಕೀಲಿಕೈ ಕೊಡಬೇಕು. ಕಪಾಟಿನದ್ದು, ಗಂಟೆಕೋಣೆಯದ್ದು,
ಮತ್ತೆ ಯಾವುದರದ್ದೋ ನನಗೂ ಗೊತ್ತಿಲ್ಲದ ಒಂದು.
ಹೊಸ ಗುಮಾಸ್ತೆ ಪ್ರಮೀಳಾ ಹರಿಕಂತ್ರ
ಎಲ್ಲಾ ಕಂಪ್ಯೂಟರಿಗೆ ಏರಿಸಿ ಆಯ್ತು ಎನ್ನುತ್ತಾಳೆ.
ಏರಲಿ. ಮೊದಲ ಪುಸ್ತಕದ ಕಟ್ಟು ಬಿಚ್ಚಿ
ಮೂಸಿದರೆ ಈಗಲೂ ಉಪ್ಪು.

ಉಪ್ಪಿನ ಗೋದಾಮೇ ಅಲ್ಲವೆ ಇದು ಮೊದಲು?
ಗಂಗಾವಳಿಯ ಈಚೆ ದಂಡೆ, ಮುಂಬೈ ಸರಕಾರದ ಕಾಲ.
ಮೆಟ್ರಿಕ್ಕಿಗೆ ಕಾರವಾರ, ಇಲ್ಲವೆ ಕುಮಟೆ;
ನಡುವಿನ ಏಳೂರ ಹುಡುಗರಿಗೆ
ಮುಲ್ಕಿ ಮುಗಿದರೆ ಮುಂದೆ ಸಮುದ್ರ.

ಹಮ್ಮಣ್ಣ ನಾಯಕರು ಚೀಲ ಹಿಡಿದು ಹೊರಟರಂತೆ.
ಆಗರದವರು ತಿಂಗಳಿಗೊಂದು ಬುಟ್ಟಿ ಉಪ್ಪು ಕೊಟ್ಟರು,
ಗಜನಿಯ ಗೌಡರು ಕಗ್ಗದ ಭತ್ತ,
ರಂಪಣಿಯವರು ಎಳೆದ ಬಲೆಗೊಂದು ಪಾಲು.
ಶಾಲೆಪಾಲು ಎಂದೇ ಅದಕ್ಕೆ ಹೆಸರು ಬಿತ್ತು,
ಕೊಳೆತ ಬಂಗಡೆ ಹಾಕಿದವನಿಗೆ ಬೈಗುಳವೂ ಬಿತ್ತು.
ಇಂತ್ರು ಫರ್ನಾಂಡಿಸ್ ದುಡ್ಡಿಲ್ಲ ಎಂದ,
ಮುರಿದ ಮಚವೆಯ ಹಲಗೆ ಬಿಡಿಸಿ ಎಂಟು ಬೆಂಚು ಮಾಡಿದ.
ಮೊಳೆ ಕಿತ್ತ ತೂತುಗಳಲ್ಲಿ
ಮೂವತ್ತು ವರ್ಷ ಹುಡುಗರು ಪೆನ್ಸಿಲ್ ಸಿಕ್ಕಿಸಿದರು.

ನಂಬರ್ ಒಂದು: ಪೊಕ್ಕ ಬುದ್ದು ಗೌಡ.
ತಂದೆಯ ಉದ್ಯೋಗ: ಗಜನಿಯ ಬಾಗಿಲು ಕಾಯುವುದು.
ನಂಬರ್ ಎರಡಕ್ಕೆ ಗೀಟು ಹೊಡೆದಿದೆ, ಯಾಕೆಂದು ಯಾರೂ ಹೇಳಲಿಲ್ಲ.
ಹದಿನಾಲ್ಕು: ಮಾಣು ರಾಕು ಅಂಬಿಗ.
ಹೆಣ್ಣು ಎಂದು ಬರೆಯಲು ಮನೆಯೇ ಇರಲಿಲ್ಲ, ಅಂಚಿನಲ್ಲಿ ಬರೆದಿದ್ದಾರೆ.
ಅವಳು ಬಂದದ್ದು, ತಾರಿದೋಣಿ ಅವಳಪ್ಪನದಾದ್ದರಿಂದ.

ಗಂಟೆ ಹನ್ನೊಂದಕ್ಕೆ ಎಂದು ಪುಣೆಯ ಸುತ್ತೋಲೆ.
ಹೊಳೆಯ ಲೆಕ್ಕ ಬೇರೆ. ಇಳಿತಕ್ಕೆ ರಾಕುವಿನ ದೋಣಿ
ಕೆಸರಲ್ಲಿ ಕೂತರೆ ಅರ್ಧ ಶಾಲೆ ಆಚೆ ದಂಡೆಯಲ್ಲಿ.
ಮಾಸ್ತರರು ತಿಥಿ ನೋಡಿ ವೇಳಾಪಟ್ಟಿ ಬರೆದರು:
ಅಮಾಸೆಗೆ ಹನ್ನೊಂದು, ಅಷ್ಟಮಿಗೆ ಬೆಳಗಿನ ಏಳು.
"ಇದು ಶಾಲೆಯೋ ಪಂಚಾಂಗವೋ?" ಎಂದು ಕೆಂಪು ಮಸಿಯಲ್ಲಿ ಬರೆದ
ಇನ್‌ಸ್ಪೆಕ್ಟರು ಹಿಂದಿರುಗುವಾಗ
ಅದೇ ದೋಣಿಗೆ ನಾಲ್ಕು ತಾಸು ಕಾದರಂತೆ.
ಗ್ರಾಂಟು ಆ ತಿಂಗಳೇ ಮಂಜೂರಾಯಿತು.

ಮುಂಬೈ, ಮೈಸೂರು, ಕರ್ನಾಟಕ.
ಮೊಹರು ಮೂರು, ಒತ್ತುವ ಸ್ಪಂಜು ಅದೇ.
ಗುಡ್ಡದ ಮೇಲೊಂದು, ಕುರ್ವೆಯಲ್ಲೊಂದು ಶಾಖೆ ಒಡೆದಾಗ
ನಮ್ಮ ಪುಟಗಳು ತೆಳುವಾದವು.
ಬಸುರಿ ಹೆತ್ತ ಮೇಲೆ ಹಗುರಾದ ಹಾಗೆ ಎಂದರು ಹೆಡ್ಮಾಸ್ತರರು;
ಶಿಕ್ಷಕರ ಹುದ್ದೆ ಎರಡು ಕಡಿಮೆಯಾದಾಗ ಆ ಮಾತು ಆಡಲಿಲ್ಲ.
ಸೇತುವೆ ಆಯಿತು. ಗಂಟೆ ಹತ್ತಕ್ಕೆ ನಿಂತಿತು.

ನಾನೂ ಇದ್ದೇನೆ ಇದರಲ್ಲಿ.
ಶಾಲೆ ಬಿಟ್ಟ ಕಾರಣ: ಬಂಗಡೆ ಸುಗ್ಗಿ.
ಮರುವರ್ಷ ಮತ್ತೆ ಸೇರಿದೆ, ಹೊಸ ನಂಬರಿಗೆ.
ಹಾಗಾಗಿ ಈ ಪುಸ್ತಕದಲ್ಲಿ ನಾನು ಇಬ್ಬರು.

ನನ್ನ ಕೈಬರಹದಲ್ಲಿ ಒಂದು ಜೂನ್.
ನೌಕಾನೆಲೆಗೆ ಊರು ಬಿಟ್ಟ ಮಕ್ಕಳು,
ಒಂದೇ ದಿನ ನಲವತ್ತೊಂದು.
ಹಿಂದಿನ ಶಾಲೆ ಎಂಬಲ್ಲಿ ಹೆಸರು ಬರೆದೆ,
ಬರೆಯುವ ಹೊತ್ತಿಗೆ ಅದರ ಮಾಡು ಇಳಿಸಿಯಾಗಿತ್ತು.
ಶಾಲೆ ಬಿಟ್ಟದ್ದು ಯಾಕೋ ಎಂದರೆ ಒಬ್ಬ ಹುಡುಗ,
"ನಾ ಬಿಡ್ಲಿಲ್ಲ. ಶಾಲೆನೇ ಬಿಟ್ಟೋಯ್ತು."
ಹೇಳಿದ ಹಾಗೇ ಬರೆದೆ.
ಆಡಿಟಿನವರು ಸುತ್ತ ಕೆಂಪು ಗುಂಡು ಹಾಕಿದ್ದಾರೆ, ನೋಡಿ,
ಕಾಗದ ಹರಿಯುವಷ್ಟು ಒತ್ತಿ.

"ಅದರಲ್ಲಿ ಕಾರಣ ಐದೇ ಇವೆ, ಸರ್," ಎಂದಳು ಪ್ರಮೀಳಾ.
ನನ್ನ ಬಂಗಡೆ ಎಲ್ಲಿ ಹೋಯಿತು?
"ಇತರೆಯಲ್ಲಿ."
ಆ ಹುಡುಗ?
"ಅವನೂ."

ಮೂರನೇ ಕೀಲಿಯನ್ನು ಅವಳು ಅಂಗೈಯಲ್ಲಿ ತೂಗಿದಳು.
ದಪ್ಪ ಕಬ್ಬಿಣ, ಬಾಯಲ್ಲಿ ಹಸಿರು ಕಿಲುಬು.
ದೋಣಿಯ ಸರಪಳಿ ಬೀಗದ್ದಿರಬೇಕು, ಎಂದೆ,
ಇಲ್ಲದಿರಲೂಬಹುದು.
ಕಿಟಕಿಯಾಚೆ ಹೊಳೆ ಇಳಿದು ಕೆಸರು ಹೊಳೆಯುತ್ತಿತ್ತು,
ಬೆಳ್ಳಕ್ಕಿ ನಡೆಯುತ್ತಿದ್ದವು ದೋಣಿ ದಾಟುವಲ್ಲಿ.
ಅಷ್ಟಮಿ.
ಹತ್ತರ ಗಂಟೆ ಸರಿಯಾಗಿ ಹೊಡೆಯಿತು.