ಆರುನೂರು ಅಡಿ

ಇವತ್ತಿನ ಏಳನೆಯ ಹಾರಾಟ. ಅಥವಾ ಆರನೆಯದೋ.
ಬೆರ್ಲೆವೋಗ್, ಮೆಹಮ್ನ್, ಹೊನ್ನಿಂಗ್ಸ್‌ವೋಗ್:
ಇಳಿದೆವು, ರೆಕ್ಕೆಯ ಹಿಮ ತೊಳೆಸಿದೆವು, ಏರಿದೆವು.
ಡಿಸೆಂಬರಿನಲ್ಲಿ ಇಲ್ಲಿ ಬೆಳಗಾಗುವುದಿಲ್ಲ.
ಮಧ್ಯಾಹ್ನಕ್ಕೊಮ್ಮೆ ಆಕಾಶ ತುಸು ನೀಲಿಯಾಗಿ
ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತದೆ.
ನಾವು ಮುಚ್ಚುವಂತಿಲ್ಲ.

"ಒಂಬತ್ತು ಸಾವಿರದಲ್ಲಿ ನಿಲ್ಲಿ" ಎಂದಿತು ಕೆಳಗಿನ ದನಿ.
"ಒಂಬತ್ತು ಸಾವಿರ" ಎಂದೆ, ಸ್ಪಷ್ಟವಾಗಿ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.
ಗುಂಡಿಯತ್ತ ಕೈ ಚಾಚಿದೆ.

ಆಗಲೇ ಹಿಂದಿನಿಂದ ಗಂಟೆ.
ಕ್ಯಾಬಿನ್ನಿನ ಮಾರೆನ್: ನಾಲ್ಕನೇ ಸಾಲಿನ ಅಜ್ಜನ
ಪೆಟ್ಟಿಗೆಯಿಂದ ಮೀನಿನ ನೀರು ಸೋರುತ್ತಿದೆ,
ಏನು ಮಾಡಲಿ?
ಕ್ಯಾಪ್ಟನ್ ಟೂರುನ್ ನಕ್ಕಳು. ನಾನೂ.
"ಟವೆಲ್ಲು ಹಾಸು" ಎಂದೆವು ಒಟ್ಟಿಗೇ.
ಚಾಚಿದ ಕೈ ಫೋನು ಹಿಡಿದಿತ್ತು.
ಹದಿಮೂರು ಗಂಟೆ ಎಚ್ಚರವಿದ್ದ ಗುಮಾಸ್ತ, ನನ್ನ ಮನಸ್ಸು,
ಕೈ ಹೊರಟದ್ದನ್ನಷ್ಟೇ ನೋಡಿ
'ಕೆಲಸ ಮುಗಿದಿದೆ' ಎಂದು ಮೊಹರೊತ್ತಿತು.

ಯಂತ್ರ ಬಲು ವಿಧೇಯ.
ಮೊದಲು ಹನ್ನೊಂದು ಎಂದಿದ್ದೆವು,
ಹನ್ನೊಂದಕ್ಕೇ ಹೊರಟಿತು.

"ನಿಮ್ಮ ಎತ್ತರ ಹೇಳಿ."
ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.
ಒಂಬತ್ತು ಸಾವಿರದ ಆರುನೂರು:
ಅಂಕಿ ನನ್ನ ಬಾಯಿಗೆ ಬರುವ ಮೊದಲೇ
ಟೂರುನ್ ವಿಮಾನದ ಮೂಗು ತಗ್ಗಿಸಿದ್ದಳು.
ಮುಂದೆ, ಮೇಲೆ, ಎಡದಿಂದ ಬಲಕ್ಕೆ
ಒಂದು ಹಸಿರು ದೀಪ ದಾಟಿಹೋಯಿತು,
ಗುರುತಿಲ್ಲದವರು ಬೀದಿ ದಾಟುವಂತೆ.
ನಡುವೆ ಇರಬೇಕಾದ ಸಾವಿರದಲ್ಲಿ
ಉಳಿದದ್ದು ನಾನೂರು.

ಕಾಫಿ ತುಳುಕಲಿಲ್ಲ. ಯಾರಿಗೂ ಎಚ್ಚರವಾಗಲಿಲ್ಲ.
ಅಜ್ಜನ ಕಾಲಬಳಿ ಟವೆಲ್ಲು ನೆನೆಯುತ್ತಲೇ ಇತ್ತು.

ಈಗ ತ್ರೋಮ್ಸೊದ ಹೋಟೆಲು, ವರದಿಯ ನಮೂನೆ.
'ಕಾರಣ' ಎಂಬಲ್ಲಿ ಎರಡು ಗೆರೆಯ ಜಾಗ.
ಮೀನು ಎಂದು ಬರೆದೆ. ಹೊಡೆದುಹಾಕಿದೆ.
ಆಯಾಸ ಎಂದು ಬರೆದು, ಡ್ಯೂಟಿ ಪಟ್ಟಿ ತೆಗೆದು ನೋಡಿದೆ:
ಗಂಟೆಗಳೆಲ್ಲ ನಿಯಮದೊಳಗೇ ಇವೆ,
ಒಂದೊಂದೂ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ.
ನಗು ಎಂದು ಬರೆಯಲೇ?
ದಿನವಿಡೀ ನಾವು ನಕ್ಕದ್ದು ಅದೊಂದೇ ಸಲ.

ಗೋಡೆಯಾಚೆ ಟೂರುನ್‌ಳ ಕೋಣೆಯಲ್ಲಿ
ಬಹಳ ಹೊತ್ತಿನಿಂದ ನಲ್ಲಿ ಹರಿಯುತ್ತಿದೆ.

ಐದಕ್ಕೆ ಅಲಾರಂ ಇಡಬೇಕೆಂದು
ಫೋನಿನತ್ತ ಕೈ ಚಾಚಿದ್ದು ನೆನಪಿದೆ.
ಇಟ್ಟೆನೆ?
ಎದ್ದು ದೀಪ ಹಾಕಿ ನೋಡುತ್ತೇನೆ.
ಮಲಗಿ,
ಮತ್ತೆ ಎದ್ದು ನೋಡುತ್ತೇನೆ.