ಏಳನೇ ಚಾರ್ಜರು

ಮೊನ್ನೆಯವರೆಗೂ ಅದು ಗೊರಕೆ ಹೊಡೆಯುತ್ತಿತ್ತು.
ಲಗನ್‌ಖೇಲ್‌ನ ಈ ತಗಡಿನ ಶೆಡ್ಡಿನಲ್ಲಿ
ರಾತ್ರಿ ಪಾಳಿಯವಳಿಗೆ ಅದೇ ಗಡಿಯಾರ:
ಗೊರಕೆ ಇದ್ದರೆ ಕರೆಂಟು ಇದೆ,
ಟೆಂಪೋ ಬ್ಯಾಟರಿಗಳು ಕುಡಿಯುತ್ತಿವೆ,
ನಾನು ರಜಾಯಿ ಎಳೆದುಕೊಳ್ಳಬಹುದು.

ಆಮೇಲೆ ಶುರುವಾಯಿತು ಕಿರಗುಟ್ಟು,
ರಾಗಿ ಬೀಸುವಾಗ ಹರಳು ಸಿಕ್ಕ ಹಾಗೆ.
ಬೆನ್ನಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ
ಹೊಲಿಗೆ ಮಿಷನ್ನಿನ ಎಣ್ಣೆ, ಒಂದೇ ಹನಿ, ಬಿಟ್ಟೆ.
ಹದಿನೇಳು ದಿನ ಸುಮ್ಮನಿತ್ತು.
ಹದಿನೆಂಟನೆಯ ದಿನ ಸೋಮಮಾಯಾಳ ಟೆಂಪೋ
ಹನ್ನೊಂದು ಜನರ ಸಮೇತ
ಕುಪಂಡೋಲ್ ಏರಿನಲ್ಲಿ ನಿಂತುಬಿಟ್ಟಿತು.

ಅವಳು ಬಂದು ಬೈಯಲಿಲ್ಲ.
ಚಹಾ ಕುಡಿದು, ಲೋಟ ತೊಳೆದಿಟ್ಟು,
"ರಾತ್ರಿ ಏಳನೆಯದು ಕಾವಿಗೆ ಮಲಗಿತ್ತು,
ನೀನೂ ಮಲಗಿದ್ದೆ" ಎಂದಳು. ಅಷ್ಟೇ.

ಮೇನ್ ಇಳಿಸಿ ಬಿಚ್ಚಿದೆ.
ನಾಲ್ಕು ಸ್ಕ್ರೂಗಳಲ್ಲಿ ಮೂರು ಮಾತು ಕೇಳಿದವು.
ನಾಲ್ಕನೆಯದರ ತಲೆ ಸವೆದಿತ್ತು;
ರಬ್ಬರ್ ಬ್ಯಾಂಡು ಅಡ್ಡ ಇಟ್ಟು, ಉಸಿರು ಹಿಡಿದು ತಿರುಗಿಸಿದೆ.
ಒಳಗೆ ಇಟ್ಟಿಗೆ ಭಟ್ಟಿಗಳ ಕೆಂಧೂಳು
ಕಂಬಳಿಯಾಗಿ ನೇಯ್ದುಕೊಂಡಿತ್ತು.
ಎರಡು ಉದ್ದ ಕೂದಲು, ನನ್ನವೇ ಇರಬೇಕು.
ವಿಶ್ವಕರ್ಮ ಪೂಜೆಗೆ ನಾವೇ ಏರಿಸಿದ
ಚೆಂಡುಹೂವಿನ ಒಣ ಎಸಳು.
ಒಳಹೊಕ್ಕರೆ ಪೂಜೆಯೂ ಕಸವೇ.

ಹೊಸದು ಕೂರಿಸಿದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
ತಿರುಗಿತು. ಹಿಗ್ಗಿದೆ.
ಅರ್ಧ ಗಂಟೆಗೆ ಮತ್ತೆ ಹಳದಿ ದೀಪ!
ಊದುಬತ್ತಿ ಹಿಡಿದು ನೋಡಿದರೆ
ಹೊಗೆ ಹೊರಬೀಳುವ ಬದಲು ಒಳಕ್ಕೆ ನುಸುಳುತ್ತಿದೆ.
ಫ್ಯಾನಿನ ಅಂಚಿನಲ್ಲಿ ಅಕ್ಕಿಕಾಳಷ್ಟು ಬಾಣವೊಂದಿದೆ,
ಗಾಳಿಯ ದಾರಿ ಹೇಳುವುದು. ನಾನು ನೋಡಿರಲಿಲ್ಲ.
ಅದರ ಕಾವನ್ನು ಅದಕ್ಕೇ ಉಣಿಸುತ್ತಿದ್ದೆ.
ಮತ್ತೆ ನಾಲ್ಕು ಸ್ಕ್ರೂ.

ಈಗ ಅದು ಸದ್ದೇ ಮಾಡುವುದಿಲ್ಲ.
ಒಳ್ಳೆಯ ಮಾಲು, ಅಂದ ಅಂಗಡಿಯ ತೀರ್ಥನಾರಾಯಣ,
ನೂರೈವತ್ತು ಜಾಸ್ತಿ ಎಣಿಸಿಕೊಂಡು.
ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ.
ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು
ಆ್ಯಸಿಡ್ಡು ತಿಂದ ನೆಲದಲ್ಲಿ ಚಪ್ಪಲಿ ತಡಕಿ ಮೆಟ್ಟಿ
ಜಾಲರಿಗೆ ಅಂಗೈ ಒಡ್ಡುತ್ತೇನೆ,
ಹಸುಗೂಸಿನ ಮೂಗಿನ ಬಳಿ ಒಡ್ಡುವ ಹಾಗೆ.
ಬರುತ್ತಿದೆ, ಬೆಚ್ಚಗೆ.

ಹಳೆಯದನ್ನು ಎಸೆದಿಲ್ಲ. ಕಿಟಕಿಯ ಸರಳಿಗೆ ಕಟ್ಟಿದ್ದೇನೆ.
ಬಾಗ್ಮತಿ ಕಡೆಯಿಂದ ಗಾಳಿ ಎದ್ದರೆ
ಎರಡು ಸುತ್ತು ಗೊಣಗಿ ನಿಲ್ಲುತ್ತದೆ.